ಶನಿವಾರದ ಸೊಸೆ

ಮಾತುಕತೆಗೆ ಯಾವ ದಿನ ಕೂರಬೇಕು ಅನ್ನುವುದು ತೀರ್ಮಾನವಾಗುವುದಕ್ಕೇ ಹದಿನೈದು ದಿನ ಹಿಡಿಯಿತು. ಶನಿವಾರ ಹುಡುಗಿಯ ಕಡೆಯವರು ಬರುವ ಹಾಗಿಲ್ಲ, ಅದು ಅವರ ಸಬ್ಬತ್, ಕೆಲಸ ಬಿಟ್ಟು ಆರಾಧನೆ ಮಾಡುವ ದಿನ. ಭಾನುವಾರ ಹುಡುಗನ ಕಡೆಯವರು ಕೂರುವ ಹಾಗಿಲ್ಲ, ಅದು ಅವರ ಕರ್ತನ ದಿನ. ಕೊನೆಗೆ ಸೋಮವಾರ ಅಂತಾಯಿತು. ಸೋಮವಾರ ನಮ್ಮ ಮನೆಯದು.

ನಮ್ಮೂರು ಮುಳ್ಳೂರು, ನಮ್ಮದು ಶಿವನ ಒಕ್ಕಲು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ತಾತ ಸೋಮವಾರ ಅದನ್ನೂ ಕೊಟ್ಟಿಗೆಯಿಂದ ಹೊರಗೆ ತೆಗೆಸುವುದಿಲ್ಲ. "ಡೀಸೆಲ್ಲಿಗೂ ಬಸವಣ್ಣನಿಗೂ ಏನು ತಾತ ಸಂಬಂಧ?" ಅಂತ ಒಂದು ಸಲ ಜಗಳ ತೆಗೆದಿದ್ದೆ. "ಟ್ಯಾಕ್ಟರ್‌ಗೆ ರಜ ಅಲ್ಲ ಕಣವ್ವ, ಅದನ್ನ ಓಡಿಸೋನಿಗೆ" ಅಂದರು. ಕಾಲೇಜು ಡಿಬೇಟಿನಲ್ಲಿ ಯಾರೂ ನನ್ನನ್ನು ಅಷ್ಟು ಬೇಗ ಕೂರಿಸಿರಲಿಲ್ಲ.

ಹುಡುಗಿ ನನ್ನ ಗೆಳತಿ, ಮಾಂಬಳ್ಳಿಯವಳು. ಕೊಳ್ಳೇಗಾಲದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು. ಓದು ಮುಗಿದ ಮೇಲೆ ಅವಳು ಮನೆಯಲ್ಲೇ ರೇಷ್ಮೆ ಹುಳ ಸಾಕುತ್ತಾಳೆ. ಹುಡುಗ ಹನೂರಿನಿಂದಾಚೆಯವನು, ಕಾಮಗೆರೆಯ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ. ಇಬ್ಬರೂ ಕ್ರೈಸ್ತರೇ, ಇಬ್ಬರಿಗೂ ಒಬ್ಬರೆಂದರೆ ಒಬ್ಬರಿಗೆ ಪ್ರಾಣ. ಅಡ್ಡ ನಿಂತಿದ್ದು ಒಂದೇ ಒಂದು ವಾರ. ಮದುವೆಯಾದ ಮೇಲೆ ಶನಿವಾರದ ಆರಾಧನೆ ಬಿಟ್ಟು ಭಾನುವಾರದ ಚರ್ಚಿನ ಪೂಜೆಗೆ ಬರಬೇಕು ಅಂತ ಹುಡುಗನ ಅಪ್ಪ ಹೇಳಿ ಕಳಿಸಿದ್ದರು. ಇವಳು ಬಿಡುವುದಿಲ್ಲ ಅಂದಿದ್ದಳು. ಆ ಸೋಮವಾರ ಒಪ್ಪಿಗೆಯಾಗದಿದ್ದರೆ ಸಂಬಂಧ ಅಲ್ಲಿಗೇ ಮುಗಿಯಿತು ಅಂತ ಅವಳ ಅಪ್ಪ ಹೇಳಿಬಿಟ್ಟಿದ್ದರು.

"ನೀನೂ ಬಾರೆ. ಮಾತಲ್ಲಿ ಯಾರನ್ನೂ ಬಿಡಾಕಿಲ್ಲ ನೀನು" ಅಂತ ಕರೆದಳು. ನನಗೆ ಯಾವ ವಾರದ ಮೇಲೂ ನಂಬಿಕೆ ಇಲ್ಲ. ಹಾಗಾಗಿ ಇದಕ್ಕೆ ನನಗಿಂತ ಯೋಗ್ಯರು ಸಿಗಲಾರರು ಅಂತಲೇ ಅಂದುಕೊಂಡೆ. ಒಂದು ವಾರ ಕೂತು ಓದಿದೆ. ಗೆಳತಿ, ಅವಳ ಅಪ್ಪ, ನಾನು ಹತ್ತಿದ ಬಸ್ಸು ಕಾಮಗೆರೆ ದಾಟುವ ಹೊತ್ತಿಗೆ ಎರಡೂ ಪಕ್ಷದ ವಾದ ನನಗೆ ಬಾಯಿಪಾಠ.

ಹುಡುಗನ ಮನೆ ಮುಂದೆ ಜಗಲಿ, ಪಕ್ಕದಲ್ಲಿ ಶೀಟು ಹೊದಿಸಿದ ರೇಷ್ಮೆ ಹುಳದ ಮನೆ. ಆ ಊರಲ್ಲಿ ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ. ಊರಿಗೆ ಊರೇ ಭಾನುವಾರದ ಪೂಜೆಗೆ ಹೋಗುವವರು. ಹುಡುಗನ ಅಮ್ಮ ಕಾಫಿ ಕೊಟ್ಟು ಹುಳದ ಮನೆಗೆ ಹೊರಟುಹೋದರು. ಹುಡುಗ ಮೂಲೆಯಲ್ಲಿ ಉಗುರು ನೋಡಿಕೊಂಡು ಕೂತಿದ್ದ.

ನಾನು ಶುರು ಮಾಡಿದೆ. ಮೊದಲು ಭಾನುವಾರವನ್ನು ಹಿಡಿದೆ. ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಬಿಡುವಿಗೆ ಹೇಳಿರುವುದು ಏಳನೆಯ ದಿನ, ಅದು ಶನಿವಾರ. ಬದಲಾಯಿಸಿ ಅಂತ ಯೇಸು ಎಲ್ಲಿ ಹೇಳಿದ್ದಾರೆ, ತೋರಿಸಿ ಅಂದೆ.

"ಆತ ಸತ್ತು ಎದ್ದಿದ್ದು ಭಾನುವಾರ ಕಣವ್ವ" ಅಂದರು ಹುಡುಗನ ಅಪ್ಪ.

"ಎದ್ದರು, ಸರಿ. ರಜ ಮಾಡಿ ಅಂದರಾ? ಭಾನುವಾರ ಕೆಲಸ ನಿಲ್ಲಿಸಿ ಅಂತ ಅಪ್ಪಣೆ ಮಾಡಿದ್ದು ಮುನ್ನೂರು ವರ್ಷ ಆದ ಮೇಲೆ ರೋಮಿನ ದೊರೆ."

ಗೆಳತಿಯ ಅಪ್ಪನ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದೇ ಕಡೆ ಹೊಡೆಯುವುದು ನ್ಯಾಯವಲ್ಲವಲ್ಲ. ಶನಿವಾರವನ್ನೂ ಎತ್ತಿಕೊಂಡೆ. ಸಬ್ಬತ್ ಶುರುವಾಗುವುದು ಶುಕ್ರವಾರ ಸೂರ್ಯ ಮುಳುಗಿದಾಗ, ಸೂರ್ಯ ಮುಳುಗುವುದು ಊರಿಗೊಂದು ಹೊತ್ತು, ಪೆಸಿಫಿಕ್ ಸಮುದ್ರದಲ್ಲಿ ಒಂದು ಗೆರೆ ದಾಟಿದರೆ ಶನಿವಾರವೇ ಭಾನುವಾರ ಆಗುತ್ತದೆ, ದೇವರು ಯಾವ ದಡದ ಶನಿವಾರ ಲೆಕ್ಕ ಇಡ್ತಾನೆ ಅಂದೆ.

"ನಾವು ಅನೂರು ದಾಟೋದೇ ಅಪರೂಪ, ಆ ಗೆರೆ ಯಾಕವ್ವ ದಾಟವು?" ಅಂದರು ಹುಡುಗನ ಅಪ್ಪ.

ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. ಅದೇ ಆಜ್ಞೆಯಲ್ಲಿ ಎತ್ತಿಗೂ ರಜ ಕೊಡಿ ಅಂತಿದೆ, ನಮ್ಮ ತಾತ ಅದನ್ನು ಸೋಮವಾರ ಕೊಡ್ತಿದ್ದರು, ಎತ್ತು ಯಾವತ್ತೂ ತಕರಾರು ಮಾಡಿರಲಿಲ್ಲ ಅಂದೆ. ಬೇಕಿರುವುದು ಬಿಡುವು, ವಾರದ ಹೆಸರಲ್ಲ. ಯಾವ ವಾರವಾದರೂ ಒಂದೇ. ಹೀಗೆ ಮುಗಿಸಿ ಒಂದು ಗುಟುಕು ಕಾಫಿ ಕುಡಿದೆ.

ಹುಡುಗನ ಅಪ್ಪ ನಿಧಾನವಾಗಿ ತಲೆಯಾಡಿಸಿದರು. "ಸರಿಯಾಗಿ ಯೋಳ್ದೆ. ಯಾವ ವಾರವಾದ್ರೂ ಒಂದೇ ಅಂದ್ಮೇಲೆ ನಮ್ಮ ವಾರಕ್ಕೇ ಬರ್ಲಿ ಬುಡು. ಅವಳಿಗೇನು ನಷ್ಟ?"

ಗೆಳತಿಯ ಅಪ್ಪ ನನ್ನ ಕಡೆ ತಿರುಗಿ, "ನಮ್ಮ ಕಡೆಯಿಂದ ಬಂದೋಳೇ ಏನವ್ವ ನೀನು?" ಅಂತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಎದ್ದು ಹೊರಡುವ ಸೂಚನೆ. ಗೆಳತಿ ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ನನ್ನ ಹತ್ತಿರ ಇನ್ನೂ ನಾಲ್ಕು ಪಾಯಿಂಟು ಬಾಕಿ ಇದ್ದವು, ಒಂದೂ ಕೆಲಸಕ್ಕೆ ಬರುವಂಥದ್ದಲ್ಲ.

ಆಗ ಹುಡುಗನ ಅಮ್ಮ ಹಿಪ್ಪುನೇರಳೆ ಸೊಪ್ಪಿನ ಖಾಲಿ ಕುಕ್ಕೆ ಹಿಡಿದು ಹೊರಬಂದರು. ಅವರ ಹುಳ ಕೊನೆಯ ಜ್ವರದಿಂದ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಎದ್ದ ಮೇಲೆ ಒಂದು ವಾರ ಅವಕ್ಕೆ ಹಸಿವೋ ಹಸಿವು, ಹಾಕಿದಷ್ಟೂ ಸೊಪ್ಪು ಬೇಕು.

ಅವರು ಕುಕ್ಕೆ ಕೆಳಗಿಟ್ಟು ನೇರವಾಗಿ ಗೆಳತಿಯನ್ನೇ ಕೇಳಿದರು. "ಶನಿವಾರ ನಿಮ್ಮನೇಲಿ ಹುಳ ಉಪವಾಸವಾ?"

"ಇಲ್ಲಮ್ಮ. ಶುಕ್ರವಾರ ಹೊತ್ತು ಮುಳುಗೋದ್ರೊಳಗೆ ಸೊಪ್ಪು ಕುಯ್ದು, ಗೋಣಿ ನೆನೆಸಿ ಮುಚ್ಚಿಡ್ತೀವಿ. ಶನಿವಾರ ಹುಳಕ್ಕೆ ಹಾಕೋದೊಂದೇ. ಹಸಿದಿರೋ ಜೀವ, ಅದು ಕೆಲಸ ಅಲ್ಲ."

"ಭಾನುವಾರ?"

"ಭಾನುವಾರ ಎಲ್ಲಾ ಕೆಲಸಾನೂ ಮಾಡ್ತೀವಿ."

"ಪೂಜೆ ಹೊತ್ನಲ್ಲೂ?"

"ನಮಗೆ ಆವತ್ತು ಪೂಜೆ ಇಲ್ವಲ್ಲಮ್ಮ."

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಗಂಡನ ಕಡೆ ತಿರುಗಿದರು, ನಮಗೂ ತಿಳಿಯಲಿ ಅಂತ ಕನ್ನಡದಲ್ಲೇ. "ನೀವು ಪೂಜೆಗೆ ಓಯ್ತೀರಿ. ಮಗ ಓಯ್ತಾನೆ. ಹುಳ ಎದ್ದಿರೋ ಭಾನುವಾರ ನಾನು ಯಾವತ್ತು ಬಂದಿವ್ನಿ?"

"ಆಳು ಕರಿ ಅಂದಿದ್ನಲ್ಲ."

"ಯಾರನ್ನ ಕರೀಲಿ? ಊರೆಲ್ಲಾ ಪೂಜೇಲಿರ್ತದೆ. ನಾನು ಇಲ್ಲಿ ಹುಳದ ಮನೇಲಿ ನಿಂತ್ಕಂಡು ಗಂಟೆ ಸದ್ದು ಕೇಳ್ತೀನಿ."

ಆಕೆ ದನಿ ಏರಿಸಲಿಲ್ಲ. "ಈ ಹುಡುಗಿ ಭಾನುವಾರ ಮನೇಲಿರ್ತಾಳೆ. ಅವಳ ಶನಿವಾರ ಕಿತ್ಕಂಡ್ರೆ ನನ್ನ ಭಾನುವಾರ ಓಯ್ತದೆ. ನಾನು ಯೋಳೋದು ಇಷ್ಟೇ."

ಇದು ಧರ್ಮಶಾಸ್ತ್ರದ ವಾದವೇ ಅಲ್ಲ, ಬರೀ ಅನುಕೂಲದ ಮಾತು ಅಂತ ಹೇಳಲು ನಾನು ಬಾಯಿ ತೆರೆದೆ. ಗೆಳತಿ ನನ್ನ ಕಾಲು ತುಳಿದಳು, ಸಾಕಷ್ಟು ಜೋರಾಗಿ.

ಹುಡುಗನ ಅಪ್ಪ ಲೋಟ ಕೆಳಗಿಟ್ಟು, "ಮಕ್ಳು ಯಾವ ವಾರಕ್ಕೆ?" ಅಂದರು.

"ಹುಟ್ಲಿ ಮಾವ, ಆಮೇಲೆ ನೋಡನ" ಅಂದಳು ಇವಳು. ಅಲ್ಲಿವರೆಗೂ ಅವಳು ಅವರನ್ನು ಏನಂತಲೂ ಕರೆದಿರಲಿಲ್ಲ. ಗೆಳತಿಯ ಅಪ್ಪ ಟವೆಲ್ಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.

ಹುಡುಗನ ಅಪ್ಪ ಎದ್ದು ಹುಳದ ಮನೆಯ ಬಾಗಿಲವರೆಗೆ ಹೋಗಿ ನಿಂತರು. ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ. "ಒಂದು ಸಾಲಲ್ಲಿ ಹುಳ ಸೊಪ್ಪು ಸರಿಯಾಗಿ ಮುಟ್ತಾ ಇಲ್ಲ. ಬಾ, ಒಸಿ ನೋಡು" ಅಂದರು ಅವಳಿಗೆ. ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಹೋದಳು. ನಾನೂ ಎದ್ದೆ. "ನೀನು ಪೌಡರ್ ಹಾಕಂಡಿದ್ದೀಯ, ಹುಳಕ್ಕೆ ವಾಸನೆ ಆಗಲ್ಲ" ಅಂತ ಹುಡುಗನ ಅಮ್ಮ ನನ್ನನ್ನು ಜಗಲಿಯಲ್ಲೇ ಕೂರಿಸಿದರು.

ಒಳಗಿಂದ ಗೆಳತಿಯ ದನಿ ಕೇಳಿಸಿತು. "ಸೊಪ್ಪು ಬಾಡೋಗದೆ ಮಾವ. ಯಾವಾಗ ಕುಯ್ದಿದ್ದು?"

ಸೊಪ್ಪು ಮಗುಚಿದ ಸದ್ದಾಯಿತು.

"ನೆನ್ನೆ" ಅಂದರು ಆತ. "ಪೂಜೆ ಮುಗಿಸ್ಕಂಡು ಬಂದು."

ನೆನ್ನೆ ಭಾನುವಾರ, ಅವರ ಕರ್ತನ ದಿನ. ಇಂಥ ಪಾಯಿಂಟು ನನಗೆ ಯಾವ ಡಿಬೇಟಿನಲ್ಲೂ ಸಿಕ್ಕಿರಲಿಲ್ಲ. ಹುಡುಗ ಮೊದಲ ಸಲ ತಲೆಯೆತ್ತಿ ಗಾಬರಿಯಿಂದ ನನ್ನ ಬಾಯಿಯನ್ನೇ ನೋಡಿದ. ನಾನು ಆರಿದ ಕಾಫಿ ಎತ್ತಿಕೊಂಡು ಕುಡಿದೆ.

"ನಾಳೆಯಿಂದ ಗೋಣಿ ನೆನೆಸಿ ಮುಚ್ಚಿ ಮಾವ" ಅಂದಳು ಅವಳು, ಒಳಗೆ.