ನಮ್ಮ ರಕ್ತದಿಂದ ಹೆಸರು ಮಾಡಿದವರು

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ವಿಜ್ಞಾನಿ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ, ಎದುರಿನವರು ಹೆಜ್ಜೆ ಊರುವುದನ್ನು ಗಮನಿಸುತ್ತಿದ್ದರು. ಪಾಪ, ಸಂಕೋಚದ ಮನುಷ್ಯ ಅಂದುಕೊಂಡಿದ್ದಳು ಅಮ್ಮ.

ಬಿಟಿಎಂ ಲೇಔಟ್ ಆಗುವುದಕ್ಕೆ ಮುಂಚೆ ಅಲ್ಲಿ ನಮ್ಮದು ರಾಗಿ ಹೊಲ. ಉಳಿದ ಸೈಟಿನಲ್ಲಿ ಅಪ್ಪ ಮನೆ ಕಟ್ಟಿಸಿ ಮಹಡಿಯನ್ನು ಬಾಡಿಗೆಗೆ ಬಿಟ್ಟಿದ್ದರು. ಅಪ್ಪ ನಡೆಯುವಾಗ ತೂರಾಡುತ್ತಿದ್ದರು, ನಾಲಿಗೆ ತೊದಲುತ್ತಿತ್ತು. ತಾತನೂ ಹಾಗೇ ಇದ್ದು ಸತ್ತವರು. ಹೆಂಡ ಮುಟ್ಟದ ಅಪ್ಪನನ್ನು ಬೀದಿಯವರು ಕುಡುಕ ಎಂದೇ ತೀರ್ಮಾನಿಸಿದ್ದರು.

ಒಂದು ದಿನ ವಿಜ್ಞಾನಿ ತಾವಾಗಿಯೇ ಕೆಳಗಿಳಿದು ಬಂದರು. "ಇವರು ಕುಡಿದಿಲ್ಲಮ್ಮ. ಮಿದುಳಿನ ಹಿಂಭಾಗ ಸವೀತಾ ಇದೆ. ವಂಶದಲ್ಲಿ ಬರೋ ಕಾಯಿಲೆ ಇದು" ಅಂದರು. ಅಮ್ಮ ಗೊಳೋ ಎಂದು ಅತ್ತಳು. "ಕಾಯಿಲೆ ಅಂದ್ರಲ್ಲ ಸಾರ್, ಅಷ್ಟು ಸಾಕು." ಆ ಉಪಕಾರವನ್ನು ನಾನು ಇವತ್ತಿಗೂ ಅಲ್ಲಗಳೆಯಲಾರೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ.

ಒಂದು ಭಾನುವಾರ ನಮ್ಮ ಹಾಲ್‌ನಲ್ಲಿ ಚಿಕ್ಕಪ್ಪಂದಿರು, ಅತ್ತೆಯರು, ಅವರ ಮಕ್ಕಳು, ನಾನು, ತಮ್ಮ, ಎಲ್ಲರೂ ತೋಳು ಚಾಚಿ ಅವರ ಸಂಶೋಧನೆಗೆ ರಕ್ತ ಕೊಟ್ಟೆವು.

"ಯಾರಿಗಿದೆ, ಯಾರಿಗಿಲ್ಲ ಅಂತ ನಮಗೂ ಹೇಳ್ತೀರಾ ಸಾರ್?" ಎಂದ ತಮ್ಮ.

"ಹೇಳ್ದೇ ಏನು? ಮೊದಲು ಕೆಲಸ ಮುಗೀಲಿ."

ಕೆಲಸ ಮುಗಿಯಿತು. ಯಾವ ಜೀನ್ ಕೆಟ್ಟರೆ ನರಕೋಶಗಳು ಹಾಗೆ ಸಾಯುತ್ತವೆ ಎಂಬ ಅವರ ಪ್ರಬಂಧ ವಿದೇಶದಲ್ಲಿ ಅಚ್ಚಾಯಿತು. ಜೀವಶಾಸ್ತ್ರದವರು, ನರರೋಗ ವೈದ್ಯರು ಇಬ್ಬರೂ ಅದನ್ನು ಉಲ್ಲೇಖಿಸತೊಡಗಿದರು. "ನಮ್ಮ ಪೇಪರ್‌ಗೆ ಇನ್ನೊಂದು ಸೈಟೇಷನ್ ಬಂತು!" ಎಂದು ಮೆಟ್ಟಿಲಿನಿಂದಲೇ ಕೂಗುತ್ತಿದ್ದರು. "ಔಷಧಿ ಬಂತಾ ಸಾರ್?" ಎಂದು ಅಮ್ಮ ಪ್ರತಿ ಸಲವೂ ಕೇಳುತ್ತಿದ್ದಳು. ಅವರು ನಗುತ್ತಿದ್ದರು. ಆ ನಗು ನನಗೆ ಆಗಲೇ ಹಿಡಿಸುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ನನಗೆ ಒಳ್ಳೆಯ ಸಂಬಂಧಗಳು ಬಂದವು. ಒಂದನ್ನೂ ಒಪ್ಪಲಿಲ್ಲ. ನನಗೂ ಇದ್ದರೆ, ನನ್ನ ಮಕ್ಕಳಿಗೂ ಬಂದರೆ ಎಂಬ ಹೆದರಿಕೆ, ಕೇಳಿ ತಿಳಿಯಲೂ ಹೆದರಿಕೆ. ತಮ್ಮ ಮಾತ್ರ ಮದುವೆಗೆ ಮುಂಚೆ ಮಹಡಿಗೆ ಹೋಗಿ ನೇರವಾಗಿ ಕೇಳಿದ. "ಅದೆಲ್ಲ ತಲೆಗೆ ಹಚ್ಕೋಬೇಡ, ಆರಾಮಾಗಿ ಮದುವೆ ಆಗು" ಎಂದರಂತೆ. ಅವನು ಅದನ್ನೇ ಉತ್ತರ ಎಂದುಕೊಂಡು ಕುಣಿದುಕೊಂಡು ಇಳಿದುಬಂದ. ಮದುವೆಯಾಯಿತು, ಮಗಳು ಹುಟ್ಟಿದಳು. ವಿಜ್ಞಾನಿ ಜಯನಗರದಲ್ಲಿ ಸ್ವಂತ ಮನೆ ಕೊಂಡು ಹೊರಟುಹೋದರು.

ತಿಲಕ್ ನಗರದಲ್ಲಿ ತಮ್ಮನದು ಎಲೆಕ್ಟ್ರಿಕಲ್ ಅಂಗಡಿ. ಕ್ರಮೇಣ ಅವನ ಕೈಗೆ ಸ್ಕ್ರೂ ಸಿಗದಂತಾಯಿತು, ಹೆಜ್ಜೆ ಅಗಲವಾಯಿತು. ಪರೀಕ್ಷಿಸಿದ ನರರೋಗ ವೈದ್ಯೆ ವಂಶದ ವಿವರ ಕೇಳಿ ಬೆರಗಾದರು. "ನಿಮ್ಮ ಮನೆಯವರ ಮೇಲಿನ ಪೇಪರ್ ನಾವೆಲ್ಲ ಓದಿದೀವಿ. ರಕ್ತ ಕೊಟ್ಟವರೆಲ್ಲರ ರಿಸಲ್ಟ್ ಅವಾಗ್ಲೇ ಬಂದಿತ್ತಲ್ಲ, ಹೇಳಿಲ್ವಾ?"

ನಾನು ನೇರ ಜಯನಗರಕ್ಕೆ ಹೋದೆ. ವಿಜ್ಞಾನಿ ವರಾಂಡದಲ್ಲಿ ಕೂತಿದ್ದರು.

"ತಮ್ಮನಿಗೆ ಇದೆ ಅಂತ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಸಾರ್?"

"ಹೇಳಿದ್ರೆ ಅವನು ಮದುವೆ ಆಗ್ತಿದ್ನಾ? ಆ ಮಗು ಇರ್ತಿತ್ತಾ? ನೀನೇ ಹೇಳು."

ಆ ಮಗುವನ್ನು ಎತ್ತಿ ಆಡಿಸಿದವಳು ನಾನು. ಅವಳನ್ನೇ ಅಡ್ಡ ಹಿಡಿದು ಕೂತಿದ್ದರು ಆ ಮನುಷ್ಯ.

"ಅಷ್ಟಕ್ಕೂ ನಿಂದು ನೆಗೆಟಿವ್ ಅಲ್ವೇನಮ್ಮ, ನೀನ್ಯಾಕೆ ಹೆದರ್ತೀಯ?" ಎಂದು ಸೇರಿಸಿದರು.

ನನಗೆ ಅದು ತಿಳಿದದ್ದು ಹಾಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ತಲೆಗೂದಲು ನರೆತ ಮೇಲೆ. ನಾನು ಬೇಡವೆಂದ ಸಂಬಂಧಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. "ಯಾರಿಗೆ ಹೇಳ್ಬೇಕು, ಯಾರಿಗೆ ಬೇಡ ಅಂತ ತೀರ್ಮಾನ ಮಾಡೋಕೆ ನೀವ್ಯಾರು ಸಾರ್?" ಎಂದೆ. ಒಳಗಿನಿಂದ ಅವರ ಹೆಂಡತಿ "ಕಾಫಿ ತಗೊಳ್ತಾರಾ?" ಎಂದು ಕೇಳಿದರು. ನಾನು ಹೊರಟುಬಂದೆ.

ಹೋದ ವರ್ಷ ವಿಜ್ಞಾನಿ ತೀರಿಕೊಂಡರು. ನನಗೆ ಕಣ್ಣೀರು ಬರಲಿಲ್ಲ. ಬರಲಿಲ್ಲವೆಂಬ ಬೇಸರವೂ ಇಲ್ಲ. ಶ್ರದ್ಧಾಂಜಲಿ ಸಭೆಗೆ ಹೋಗಲೇಬೇಕೆಂದು ತಮ್ಮ ಹಟ ಹಿಡಿದ. ವಾಕರ್ ಹಿಡಿದವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ವೇದಿಕೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಸೈಟೇಷನ್‌ಗಳ ಲೆಕ್ಕ ಹೇಳಿದರು. ನಮ್ಮ ಮನೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಸಭೆ ಮುಗಿದ ಮೇಲೆ ಅವರ ಶಿಷ್ಯನೊಬ್ಬ ತಮ್ಮನ ನಡಿಗೆ ಕಂಡು ಗುರುತು ಹಿಡಿದು ಬಂದ. ಬಹಳ ವಿನಯದಿಂದ, "ಸಾರ್ ಶುರು ಮಾಡಿದ್ದನ್ನ ನಾವು ಮುಂದುವರಿಸ್ತಿದೀವಿ. ನಿಮ್ಮ ಮಗಳ ಬ್ಲಡ್ ಸ್ಯಾಂಪಲ್ ಸಿಕ್ಕಿದ್ರೆ..." ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಕೈಯೆತ್ತಿ ನನ್ನನ್ನು ತಡೆದ. ಒಂದೊಂದೇ ಪದವನ್ನು ಕಷ್ಟಪಟ್ಟು ಹೊರಗೆ ತಂದ.

"ಅವಳು ದೊಡ್ಡವಳಾಗ್ಲಿ. ಆಮೇಲೆ ಅವಳನ್ನೇ ಕೇಳಿ. ರಿಸಲ್ಟ್ ಹೇಳ್ತೀರೋ ಇಲ್ವೋ, ಅದನ್ನ ಮೊದ್ಲು ಹೇಳಿ, ಆಮೇಲೆ ಕೇಳಿ."