ಸವಿತಾಳ ಪರೀಕ್ಷೆಯ ಫಲಿತಾಂಶ

ಇದು ನಡೆದದ್ದು ಹೋದ ವರ್ಷ, ಮಳೆಗಾಲಕ್ಕೆ ಮುಂಚಿನ ಒಂದು ಸೋಮವಾರ.

ಘಾಟ್ಕೋಪರ್‌ನ ಪ್ರಯೋಗಾಲಯವೊಂದರಲ್ಲಿ ಓಟಗಾರ್ತಿಯರ ಹೃದಯ ಮತ್ತು ಉಸಿರಾಟದ ಸಾಮರ್ಥ್ಯವನ್ನು ಕುರಿತು ಸಂಶೋಧನೆ ನಡೆಯುತ್ತಿತ್ತು. ನನ್ನನ್ನು ಅನುವಾದಕ್ಕಾಗಿ ಕರೆಸಿದ್ದರು. ಪರೀಕ್ಷೆಗೊಳಗಾದವರಲ್ಲಿ ಒಬ್ಬಳಾದ ಹದಿನೇಳರ ಸವಿತಾ ಮಲಾಡ್‌ನಲ್ಲಿ ಸೋದರಮಾವನ ಮನೆಯಲ್ಲಿದ್ದು ಓಟದ ಅಭ್ಯಾಸ ಮಾಡುತ್ತಿದ್ದಳು. ಬಾಗಲಕೋಟೆಯಿಂದ ಬಂದಿದ್ದ ಅವಳ ತಾಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ತಿಳಿಯದು.

ಡಾಕ್ಟರ್ ಪರಾಂಜಪೆ ಇಂಗ್ಲಿಷಿನಲ್ಲಿ ಹೇಳಿದರು: ಹುಡುಗಿಯ ಹೃದಯದ ಗೋಡೆ ಅಪಾಯಕರವಾಗಿ ದಪ್ಪಗಾಗಿದೆ, ಇನ್ನು ಓಡಬಾರದು.

ನಾನು ಬಾಯಿ ತೆರೆಯುವ ಮೊದಲೇ ಸವಿತಾ, ತಾಯಿಗೆ ತಿಳಿಯದಿರಲೆಂದು, ಹಿಂದಿಯಲ್ಲಿ ಬೇಡಿಕೊಂಡಳು: “ಮೇಡಂ, ರಕ್ತ ಕಡಿಮೆ ಇದೆ ಎಂದಷ್ಟೇ ಹೇಳಿ. ಭಾನುವಾರ ರಾಜ್ಯ ತಂಡದ ಆಯ್ಕೆಯಿದೆ.”

ಡಾಕ್ಟರರು ಹೇಳಿದ್ದನ್ನೇ ಅನುವಾದಕರು ಹೇಳಬೇಕು. ಹೇಳಿದೆ.

“ಓಡಿದ್ರ ಏನಾಕ್ಕತ್ರೀ?” ಎಂದು ತಾಯಿ ಕೇಳಿದರು.

ಓಡುತ್ತಿರುವಾಗಲೇ ಹೃದಯ ನಿಲ್ಲಬಹುದು ಎಂಬ ಡಾಕ್ಟರರ ಉತ್ತರವನ್ನೂ ತಲುಪಿಸಿದೆ.

ತಾಯಿ ಎದ್ದರು. “ನಡಿ, ಊರಿಗೆ ಹೋಗೂಣು. ಬೂಟು ಮಾಮಾನ ಮಗಳಿಗೆ ಕೊಟ್ಟು ಬಾ.”

“ಆಕಿಗೆ ಅವು ದೊಡ್ಡವಾಗ್ತಾವ,” ಎಂದಳು ಸವಿತಾ.

ಬಾಗಿಲಲ್ಲಿ ತಿರುಗಿ ನಿಂತು, ಉಸಿರಾಟದ ಪರೀಕ್ಷೆಯಲ್ಲಿ ತನಗೆ ಎಷ್ಟು ಬಂತೆಂದು ಡಾಕ್ಟರರನ್ನು ಕೇಳಿದಳು. ಎಲ್ಲ ಹುಡುಗಿಯರಿಗಿಂತ ಹೆಚ್ಚು ಎಂದು ಅವರು ತಲೆ ತಗ್ಗಿಸಿ ಹೇಳಿದರು.

“ಇದನ್ನೂ ಅವ್ವಗ ಹೇಳ್ರಿ, ಮೇಡಂ.”

ಹೇಳಿದೆ. ಆ ದಿನ ನಾನು ಅನುವಾದಿಸಿದ ಶುಭವಾರ್ತೆ ಅದೊಂದೇ. ಅದರಿಂದ ಯಾರಿಗೂ ಪ್ರಯೋಜನವಿರಲಿಲ್ಲ.

ಆ ಕೋಣೆಯಲ್ಲಿದ್ದವರು: ಡಾಕ್ಟರ್ ಪರಾಂಜಪೆ, ಸವಿತಾ, ಅವಳ ತಾಯಿ ನೀಲವ್ವ ಮತ್ತು ನಾನು.