ಪುಟ್ಟವ್ವನ ಉಚ್ಚೆ ಮತ್ತು ನನ್ನ ವಿಜ್ಞಾನ

ಬೆಳಗೆದ್ದು ನಾನು ಮೊದಲು ನೋಡುವುದು ದೇವರ ಪಟವನ್ನಲ್ಲ, ಹಳೆಯ ಪೇಪರಿನ ಮೇಲೆ ಬಿದ್ದ ಉಚ್ಚೆಯನ್ನು. ಇದನ್ನು ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ, ನಾಲ್ಕು ಮಂದಿಗೆ ಹೇಳಬೇಡಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು, ಸವಣೂರಿನ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಯಾರಾದರೊಬ್ಬರಿಂದ ನಮಸ್ಕಾರ ಹೇಳಿಸಿಕೊಳ್ಳುವವನು, ಪಡಸಾಲೆಯ ಮೂಲೆಯಲ್ಲಿ ಮಂಡಿಯೂರಿ, ಕನ್ನಡಕವನ್ನು ಹಣೆಗೇರಿಸಿ, ಒದ್ದೆ ಪೇಪರಿನ ಬಣ್ಣ ನೋಡುತ್ತೇನೆ. ಹಳದಿಯಾಗಿದ್ದರೆ ಚಹಾ ರುಚಿಸುತ್ತದೆ. ಗುಲಾಬಿಯಾಗಿದ್ದರೆ ಅವತ್ತು ಹತ್ತನೆಯ ಇಯತ್ತೆಯ ಮಕ್ಕಳ ಗ್ರಹಚಾರ ನೆಟ್ಟಗಿರುವುದಿಲ್ಲ.

ಉಚ್ಚೆ ಪುಟ್ಟವ್ವನದು. ಪುಟ್ಟವ್ವ ಎಂದರೆ ಒಂದು ಗಿನಿ ಪಿಗ್. ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಮ್ಯಾನೇಜರರು ವರ್ಗವಾಗಿ ಹೋಗುವಾಗ ಬುಟ್ಟಿಯೊಂದನ್ನು ತಂದಿಟ್ಟು, "ಸರ, ಎರಡು ದಿವಸ ಇಟಗೊಂಡಿರ್ರಿ, ಸಾಮಾನು ಇಳಿಸಿ ಬಂದು ಒಯ್ತೇವಿ" ಎಂದರು. ಆ ಎರಡು ದಿವಸ ಇನ್ನೂ ಮುಗಿದಿಲ್ಲ, ಮೂರನೆಯ ವರ್ಷ ನಡೆದಿದೆ. ಮೊದಮೊದಲು ಫೋನು ಮಾಡಿದರೆ "ಆರಾಮ ಐತೇನ್ರಿ ಅದು?" ಎಂದು ದೂರದ ಬೀಗರ ಹಾಗೆ ವಿಚಾರಿಸುತ್ತಿದ್ದರು. ಈಗ ಫೋನೇ ಎತ್ತುವುದಿಲ್ಲ. ಅವರ ಮಗಳು ಅದಕ್ಕೆ ಏನೋ ಬಿಸ್ಕತ್ತಿನ ಹೆಸರು ಇಟ್ಟಿದ್ದಳು. ನಮ್ಮ ಅಕ್ಕ ಅದನ್ನು ಒಂದೇ ಸಲ ನೋಡಿ ಪುಟ್ಟವ್ವ ಎಂದು ಕರೆದಳು, ಅದೇ ಉಳಿಯಿತು.

ಈ ಪ್ರಾಣಿಗೆ ಹುಟ್ಟಿನಿಂದಲೇ ಅನ್ಯಾಯವಾಗಿದೆ. ಗಿನಿ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ, ಹಂದಿಯಂತೂ ಅಲ್ಲವೇ ಅಲ್ಲ. ದಕ್ಷಿಣ ಅಮೆರಿಕದ ಗುಡ್ಡಗಾಡಿನದು, ಇಲಿಯ ಕುಲಕ್ಕೆ ಸೇರಿದ್ದು. ಅಲ್ಲಿಯವರು ಇದನ್ನು ಸುಟ್ಟು ತಿನ್ನುತ್ತಾರೆ, ಉಳಿದ ಲೋಕದವರು ಹಿಡಿದು ಸೂಜಿ ಚುಚ್ಚಿ ಹೊಸ ಔಷಧ ಪರೀಕ್ಷೆ ಮಾಡುತ್ತಾರೆ. ನಮ್ಮ ಓಣಿಯವರು "ಮೊಲಾ ಏನ್ರಿ?" ಎಂದು ಕೇಳುತ್ತಾರೆ, ಸ್ವಲ್ಪ ನೇರ ಬಾಯಿಯವರು "ಹೆಗ್ಗಣಾ ಸಾಕೀರಲ್ರಿ ಸರ!" ಎನ್ನುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಅದು ನಮ್ಮ ಹತ್ತಿರದ ಸಂಬಂಧಿ. ನಾಯಿ, ಬೆಕ್ಕು, ಆಕಳುಗಳ ಮೈಯಲ್ಲಿ ಸಿ ಜೀವಸತ್ವ ತಾನಾಗಿ ತಯಾರಾಗುತ್ತದೆ. ಮನುಷ್ಯನಿಗೆ ಆ ವಿದ್ಯೆ ಗೊತ್ತಿಲ್ಲ, ಪುಟ್ಟವ್ವನಿಗೂ ಗೊತ್ತಿಲ್ಲ. ಇಬ್ಬರೂ ನೆಲ್ಲಿಕಾಯಿ ತಿಂದೇ ಬದುಕಬೇಕು. ಇದನ್ನು ಕಲಿಸುವಾಗ ನಾನು ಪುಟ್ಟವ್ವನ ಉದಾಹರಣೆ ಕೊಟ್ಟು ಒಳ್ಳೆಯ ಹೆಸರು ಪಡೆದೆ.

ವಿಸರ್ಜನಾಂಗಗಳ ಪಾಠಕ್ಕೆ ಬಂದಾಗ ಮಾತ್ರ ಅಷ್ಟು ಸುಲಭವಿರಲಿಲ್ಲ. ಮೂತ್ರಕೋಶ ಎಂದ ಕೂಡಲೇ ಹಿಂದಿನ ಬೆಂಚು ಕಿಸಕ್ಕೆನ್ನುತ್ತದೆ, ಇದು ಮೂವತ್ತು ವರ್ಷದಿಂದ ನಡೆದು ಬಂದ ಸಂಪ್ರದಾಯ. ನಾನು ಬೋರ್ಡಿನ ಮೇಲೆ ಅದರ ಚಿತ್ರ ಬರೆದು ಬಾಣದ ಗುರುತು ಹಾಕುತ್ತಿದ್ದೆ. ಆ ಚೀಲದ ಒಳಗೋಡೆ ಬಾತು ಕೆಂಪಾದರೆ ಏನಾಗುತ್ತದೆ ಎನ್ನುವುದು ಚಿತ್ರದಲ್ಲಿ ಇರಲಿಲ್ಲ. ಅದನ್ನು ಪುಟ್ಟವ್ವ ಕಲಿಸಿದಳು. ಒಂದು ಬೆಳಿಗ್ಗೆ ಪೇಪರಿನ ಮೇಲೆ ರಂಗೋಲಿ ಚೆಲ್ಲಿದಂತೆ ಬಿಳಿ ಪುಡಿ ಒಣಗಿತ್ತು, ಅದರ ಅಂಚಿಗೆ ನಸುಗೆಂಪು. ಬೆನ್ನು ಗೂನು ಮಾಡಿ ಕುಳಿತ ಪುಟ್ಟವ್ವ ಉಚ್ಚೆ ಹೊಯ್ಯುವಾಗ ಸಣ್ಣಗೆ ಕಿರುಚಿದಳು. ಆ ದನಿಯನ್ನು ನಾನು ಮರೆಯಬೇಕೆಂದರೂ ಆಗುವುದಿಲ್ಲ.

ನಮ್ಮ ಊರಿನ ಪಶುವೈದ್ಯರು ಒಳ್ಳೆಯವರು, ಅದಕ್ಕಿಂತ ಹೆಚ್ಚಾಗಿ ಪ್ರಾಮಾಣಿಕರು. ಬುಟ್ಟಿಯೊಳಗೆ ಇಣುಕಿ, "ಸರ, ನಾವು ಆಕಳಾ ಎಮ್ಮಿ ನೋಡೋರು. ಇದಕ್ಕ ನಾ ಏನರ ಕೊಟ್ಟು, ಅದು ಸತ್ತು, ನೀವು ನನ್ನ ಮಾರಿ ನೋಡೂದು ಬ್ಯಾಡ" ಎಂದು ಕೈ ಮುಗಿದರು. ಶಿಗ್ಗಾಂವಿಯಲ್ಲಿ ಹೊಸದಾಗಿ ದವಾಖಾನೆ ಇಟ್ಟ ಡಾಕ್ಟರ್ ಬಾಯಿಯವರ ಹತ್ತಿರ ಹೋಗಲು ಹೇಳಿದರು. ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಡಾಕ್ಟರ್ ಬಾಯಿಯವರು ಹಿರೇಕೆರೂರು ಕಡೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಪುಟ್ಟವ್ವನ ಹೊಟ್ಟೆಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿ, ಮೂತ್ರಕೋಶ ಬಾತಿದೆ, ಇದು ಪೂರ್ತಿ ಹೋಗುವ ಬೇನೆ ಅಲ್ಲ, ಹಿಡಿತದಲ್ಲಿ ಇಟ್ಟುಕೊಂಡು ಹೋಗಬೇಕು ಎಂದರು. ಎರಡು ಔಷಧ ಬರೆದರು. ತಿಂದ ಕ್ಯಾಲ್ಸಿಯಂ ಎಲ್ಲ ಈ ಜಾತಿಯ ಪ್ರಾಣಿಗಳಲ್ಲಿ ಉಚ್ಚೆಯ ದಾರಿಯಿಂದಲೇ ಹೊರಗೆ ಹೋಗಬೇಕು, ಹೆಚ್ಚಾದರೆ ಕೆಸರಿನಂತೆ ನಿಂತು ಒಳಗೆಲ್ಲ ಗೀರುತ್ತದೆ ಎಂದು ವಿವರಿಸಿ, "ಅದಕ್ಕ ಯಾವ್ಯಾವ ಮೇವು ಬ್ಯಾಡ ಅಂದ್ರ..." ಎಂದು ಶುರುಮಾಡಿದರು. ನಾನು ಕೈ ಎತ್ತಿ ತಡೆದೆ. "ಗೊತ್ತೈತಿ ಬಿಡವಾ. ನಾ ಸೈನ್ಸ್ ಮಾಸ್ತರ."

ಕ್ಯಾಲ್ಸಿಯಂ ಎಂಬ ಶಬ್ದ ಕಿವಿಗೆ ಬಿದ್ದ ಕ್ಷಣದಲ್ಲೇ ನನ್ನ ತಲೆಯಲ್ಲಿ ಅಪರಾಧಿ ಸಿಕ್ಕಿಬಿದ್ದಿದ್ದ. ಅದಕ್ಕೆ ನಮ್ಮ ಅಕ್ಕನ ಬಗ್ಗೆ ಹೇಳಬೇಕು. ಅಕ್ಕ ನೀಲವ್ವನನ್ನು ಚಿಕ್ಕೇರೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ನನ್ನ ಹತ್ತಿರ ಬಂದಳು. ನಾನು ಮದುವೆಯಾದವನಲ್ಲ, ಯಾಕೆ ಎಂದು ಕೇಳುವ ಹಿರಿಯರೂ ಈಗ ಉಳಿದಿಲ್ಲ. ಹಾಗಾಗಿ ಮನೆಯಲ್ಲಿ ನಾವಿಬ್ಬರೇ. ಅಕ್ಕನಿಗೆ ಇದ್ದದ್ದು ಒಂದೇ ಚಟ, ಸವಣೂರಿನ ಎಲೆ. ಊಟವಾದ ಮೇಲೆ ಗೋಡೆಗೆ ಆತು ಕುಳಿತು, ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಟ್ಟ ಬಟ್ಟೆಯ ಚಂಚಿ ಬಿಚ್ಚುತ್ತಿದ್ದಳು. ಆ ಹೊತ್ತಿಗೆ ಪುಟ್ಟವ್ವ ಎಲ್ಲಿದ್ದರೂ ಓಡಿಬಂದು ಅವಳ ಸೀರೆಯ ನೆರಿಗೆಯ ಹತ್ತಿರ ನಿಲ್ಲುತ್ತಿದ್ದಳು. ಅಕ್ಕ ಎಲೆಯ ತುದಿ ಮತ್ತು ತೊಟ್ಟನ್ನು ಅವಳಿಗೆ ಕೊಡುತ್ತಿದ್ದಳು. ಇಬ್ಬರೂ ಎದುರುಬದುರು ಮೆಲ್ಲುತ್ತಾ ಕುಳಿತಿರುತ್ತಿದ್ದರು. ಇದು ನಮ್ಮ ಮನೆಯ ದಿನದ ಅತಿ ಸುಖದ ಹೊತ್ತು ಎನ್ನುವುದು ನನಗೆ ತಿಳಿದದ್ದು ಅದು ನಿಂತ ಮೇಲೆ.

ಅವತ್ತು ಭಾನುವಾರ. ಗಣಿತದ ಕಲ್ಮಠ ಮಾಸ್ತರರು ರೂಢಿಯಂತೆ ಚಹಾಕ್ಕೆ ಬಂದಿದ್ದರು. ನಾನು ಬುಟ್ಟಿ ಇಳಿಸಿದವನೇ ಚಪ್ಪಲಿ ಕೂಡ ಬಿಡದೆ ಆರಂಭಿಸಿದೆ. "ಸುಣ್ಣ ಅಂದ್ರ ಏನು ಗೊತ್ತೈತೇನು ಅಕ್ಕ? ಕ್ಯಾಲ್ಸಿಯಂ ಹೈಡ್ರಾಕ್ಸೈಡ್! ದಿನಾ ಎರಡು ಹೊತ್ತು ಅದಕ್ಕ ಸುಣ್ಣಾ ತಿನಿಸಿ ತಿನಿಸಿ ಮೂತ್ರಕೋಶ ಹಾಳು ಮಾಡಿದಿ. ಗೊತ್ತಿಲ್ಲದೋರು ಪ್ರಾಣಿಗೆ ತಿನ್ನಾಕ ಕೊಡಬಾರದು." ಇನ್ನೂ ಏನೇನೋ ಹೇಳಿದೆ, ಬೋರ್ಡು ಒಂದೇ ಇರಲಿಲ್ಲ. ಅಕ್ಕ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಯಾಕೆ ಬಿಟ್ಟಳೆಂದರೆ, ಅವ್ವ ಹೊಲಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಗಿತ್ತು, ಆ ಕೂಸು ನಾನು. ಅವಳು ನನ್ನ ಮುಖವನ್ನು ಒಮ್ಮೆ, ಕಲ್ಮಠ ಮಾಸ್ತರರ ಮುಖವನ್ನು ಒಮ್ಮೆ ನೋಡಿದಳು. ಬಿಚ್ಚಿದ ಚಂಚಿಯನ್ನು ಮಡಚಿ ಕಟ್ಟಿ, ಒಳಗೆ ಹೋಗಿ ಟ್ರಂಕಿನಲ್ಲಿಟ್ಟು ಬಂದು ಚಹಾ ಸೋಸಿದಳು.

ಆಮೇಲೆ ಅವಳು ಎಲೆ ಹಾಕಲಿಲ್ಲ. ಪುಟ್ಟವ್ವನನ್ನು ಮುಟ್ಟಲೂ ಇಲ್ಲ. ಊಟದ ನಂತರ ಪುಟ್ಟವ್ವ ಹಳೆಯ ಜಾಗಕ್ಕೆ ಬಂದು ಕಾದು ನಿಲ್ಲುವಳು. ಅಕ್ಕ ಪಾತ್ರೆ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋಗುವಳು. ನಾನು ಇದನ್ನೆಲ್ಲ ನೋಡಿ, ಶಿಸ್ತು ಬಂತು ಎಂದು ಸಮಾಧಾನಪಟ್ಟೆ. ನನ್ನಂಥವರು ತರಗತಿಯಲ್ಲಿ ಗದ್ದಲ ನಿಂತರೆ ಪಾಠ ತಲೆಗೆ ಹೋಯಿತು ಎಂದೇ ತಿಳಿಯುತ್ತೇವೆ.

ಔಷಧ ಹಾಕುವುದು ಇಬ್ಬರ ಕೆಲಸ ಎಂದು ತಿಳಿದದ್ದು ಒಬ್ಬನೇ ಮಾಡಲು ಹೋದಾಗ. ಒಬ್ಬರು ಬಟ್ಟೆಯಲ್ಲಿ ಸುತ್ತಿ ಹಿಡಿಯಬೇಕು, ಇನ್ನೊಬ್ಬರು ಸೂಜಿಯಿಲ್ಲದ ಸಿರಿಂಜನ್ನು ಹಲ್ಲಿನ ಪಕ್ಕದಿಂದ ತೂರಿಸಿ ಹನಿಹನಿಯಾಗಿ ಬಿಡಬೇಕು. ನಾನು ಎಡಗೈಯಲ್ಲಿ ಹಿಡಿದರೆ ಬಲಗಡೆಯಿಂದ ಜಾರುವಳು. ಅರ್ಧ ಔಷಧ ನನ್ನ ಅಂಗಿಗೆ, ಕಾಲುಭಾಗ ನೆಲಕ್ಕೆ, ಉಳಿದದ್ದು ಅವಳ ಗಲ್ಲಕ್ಕೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಬರುತ್ತಿರಲಿಲ್ಲ. ನಾನೂ ಕರೆಯಲಿಲ್ಲ, ಯಾವ ಬಾಯಿಂದ ಕರೆಯಲಿ? ತಿಂಗಳು ಕಳೆಯುವುದರೊಳಗೆ ಪುಟ್ಟವ್ವನ ಬೆನ್ನೆಲುಬು ಕೈಗೆ ಹತ್ತತೊಡಗಿತು, ಪೇಪರು ಮತ್ತೆ ಕೆಂಪಾಯಿತು. ಹೀಗೇ ಆದರೆ ಉಳಿಯುವುದಿಲ್ಲ ಎನ್ನುವುದು ನನಗೂ ಕಾಣುತ್ತಿತ್ತು.

ಮತ್ತೆ ಶಿಗ್ಗಾಂವಿ. ಈ ಸಲ ಡಾಕ್ಟರ್ ಬಾಯಿಯವರು ನನಗೆ ಕೈ ಎತ್ತಲು ಬಿಡಲಿಲ್ಲ. ಒಂದು ಹಾಳೆ ಪೆನ್ನು ಮುಂದಿಟ್ಟು, "ಮುಂಜಾನಿಂದ ಸಂಜಿಮಟ ಏನೇನು ತಿನಸ್ತೀರಿ, ಎಲ್ಲಾ ಬರೀರಿ ಸರ" ಎಂದರು. ಪರೀಕ್ಷೆಗೆ ಕುಳಿತವನಂತೆ ಬರೆದೆ. ಹೆಮ್ಮೆಯಿಂದಲೇ ಬರೆದೆ ಎನ್ನಬೇಕು. ಹಾನಗಲ್ಲ ರಸ್ತೆಯ ಗೆಳೆಯನ ಹೊಲದಲ್ಲಿ ಹೈನಿನ ಎಮ್ಮೆಗಳಿಗೆಂದು ಕುದುರೆಮೆಂತೆ ಬೆಳೆಯುತ್ತಾರೆ, ಅಷ್ಟು ಒಳ್ಳೆಯ ಮೇವು ಬೇರೆ ಇಲ್ಲ ಎಂದು ದಿನಾ ಸೈಕಲ್ಲಿನ ಮೇಲೆ ಹೋಗಿ ಒಂದು ಕಟ್ಟು ತರುತ್ತಿದ್ದೆ. ಜೊತೆಗೆ ರಾಜಗಿರಿ ಸೊಪ್ಪು. ಕುಡಿಯಲು ಬೋರಿನ ನೀರು. ಹಾಳೆ ಓದಿದ ಅವರು ಕುದುರೆಮೆಂತೆಯ ಕೆಳಗೆ ಎರಡು ಗೆರೆ ಎಳೆದರು. "ಕ್ಯಾಲ್ಸಿಯಂ ಇದರಾಗ ಭಾಳ ಇರ್ತದ್ರಿ ಸರ, ರಾಜಗಿರ್ಯಾಗ, ಬೋರಿನ ನೀರಾಗೂ ಐತಿ. ಅವತ್ತ ಹೇಳಾಕ ಹೋದೆ, ನೀವು ಗೊತ್ತೈತಿ ಅಂದ್ರಿ."

ನಾನು ಕೊನೆಯ ಹಗ್ಗ ಹಿಡಿದೆ. ನಮ್ಮ ಅಕ್ಕ ಸುಣ್ಣ ಹಚ್ಚಿದ ಎಲೆಯ ತುದಿ ಕೊಡುತ್ತಿದ್ದಳು, ಅದೂ ಕಾರಣ ಇರಬಹುದಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು. "ಎಲಿ ಅದಕ್ಕ ಬ್ಯಾಡ್ರಿ, ಅದು ಬ್ಯಾರೆ ಮಾತು. ಆದ್ರ ಸರ, ತೊಟ್ಟು ತುದಿ ಮುರಿಯೂದು ಸುಣ್ಣಾ ಹಚ್ಚೂಕಿಂತ ಮೊದಲಲ್ರಿ? ನಮ್ಮ ಅಮ್ಮನೂ ಮೊದಲ ಮುರದು, ಎಲಿ ಒರಸಿ, ಆಮ್ಯಾಲೆ ಸುಣ್ಣಾ ಹಚ್ತಾಳ. ಮುರದ ತುದ್ಯಾಗ ಸುಣ್ಣಾ ಎಲ್ಲಿಂದ ಬರಬೇಕು?"

ಎಲೆಯ ಸೀಮೆಯಲ್ಲಿ ಹುಟ್ಟಿದವನು ನಾನು. ಮೊದಲು ಅವ್ವ, ಆಮೇಲೆ ಅಕ್ಕ, ಮದುವೆಮನೆಗಳಲ್ಲಿ ನೂರಾರು ಮಂದಿ, ಎಲ್ಲರೂ ಮೊದಲು ತೊಟ್ಟು ತುದಿ ಮುರಿದು, ಎಲೆಯ ಬೆನ್ನು ಒರೆಸಿ, ಆಮೇಲೆ ಸುಣ್ಣದ ಬೆರಳು ಆಡಿಸುವುದನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ. ನಾನೂ ಹಾಗೆಯೇ ಹಾಕಿಕೊಂಡಿದ್ದೇನೆ. ನಮ್ಮ ಕಡೆ ಆರು ವರ್ಷದ ಕೂಸಿಗೂ ಗೊತ್ತಿರುವ ಈ ಕ್ರಮ ಸೂತ್ರ ಹೇಳುವ ಭರದಲ್ಲಿ ನನಗೊಬ್ಬನಿಗೇ ಹೊಳೆಯಲಿಲ್ಲ. ಮಕ್ಕಳಿಗೆ "ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ" ಎಂದು ದೊಡ್ಡ ಅಕ್ಷರದಲ್ಲಿ ಬರೆಸುತ್ತಿದ್ದೆ. ಬುಟ್ಟಿ ಎತ್ತಿಕೊಂಡು ಬಸ್ಸು ಹತ್ತಿದೆ. ಪುಟ್ಟವ್ವನ ಬೇನೆಗೆ ನಾನು ಕಾರಣ ಎಂಬುದಕ್ಕಿಂತ, ಆ ಮಾತನ್ನು ಅಷ್ಟು ಖಾತ್ರಿಯಿಂದ ಹೇಳಿದ್ದೆನಲ್ಲ, ಅದು ಹೆಚ್ಚು ಉರಿಯಿತು.

ಕುದುರೆಮೆಂತೆ, ರಾಜಗಿರಿ ನಿಂತವು, ಒಣಹುಲ್ಲು, ಕರಕಿಹುಲ್ಲು, ಸೌತೆಕಾಯಿ, ಫಿಲ್ಟರ್ ನೀರು ಬಂದವು. ಅಕ್ಕನಿಗೆ ಹೇಳುವ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಹೇಳುವ ಬದಲು ಸಂತೆಯಿಂದ ಒಳ್ಳೆಯ ಎಲೆಯ ಕಟ್ಟು ತಂದು ಅಡುಗೆಮನೆಯ ಗೋಡೆಯ ಮಾಡಿನಲ್ಲಿಟ್ಟೆ. ಅವಳು ಅದನ್ನು ಪಕ್ಕದ ಮನೆಗೆ ಕೊಟ್ಟಳು. ಮುಂದಿನ ವಾರ ಮತ್ತೆ ತಂದೆ, ಮತ್ತೆ ಪಕ್ಕದ ಮನೆಗೆ ಹೋಯಿತು. ಪಕ್ಕದ ಮನೆಯವರು ನನ್ನನ್ನು ಕಂಡಾಗಲೆಲ್ಲ ಕೆಂಪು ಬಾಯಿ ತೆರೆದು ನಗತೊಡಗಿದರು. ಇತ್ತ ಔಷಧ ನೆಲಕ್ಕೆ ಬೀಳುವುದು ನಡೆದೇ ಇತ್ತು. ಮೇವು ಬದಲಾದರೂ ಒಳಗಿನ ಗಾಯಕ್ಕೆ ಔಷಧ ಬೇಕು, ಔಷಧಕ್ಕೆ ಇನ್ನೆರಡು ಕೈ ಬೇಕು, ಆ ಕೈಗಳನ್ನು ನಾನೇ ದೂರ ಮಾಡಿದ್ದೆ. ನನ್ನ ಮರ್ಯಾದೆ ದೊಡ್ಡದೋ ಅಂಗೈಯಗಲದ ಜೀವ ದೊಡ್ಡದೋ ಎಂದು ನಾನು ಮೂರು ಭಾನುವಾರ ವಿಚಾರ ಮಾಡಿದೆ. ವಿಚಾರ ಮಾಡುವಂಥದ್ದು ಅದರಲ್ಲಿ ಏನಿತ್ತೋ ಈಗ ತಿಳಿಯುವುದಿಲ್ಲ.

ನಾಲ್ಕನೆಯ ಭಾನುವಾರ ಕಲ್ಮಠ ಮಾಸ್ತರರು ಬಂದು ಕುಳಿತರು. ಅಂದದ್ದು ಅವರ ಮುಂದೆ, ತಪ್ಪೊಪ್ಪುವುದೂ ಅವರ ಮುಂದೆಯೇ ಆಗಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅಕ್ಕ ಚಹಾ ತಂದು ಕೊಟ್ಟಾಗ ಹೇಳಿದೆ: "ಅಕ್ಕ, ಅವತ್ತ ಇವರ ಮುಂದ ನಿನಗ ಅಂದಿದ್ದು ತಪ್ಪಾತು. ತುದಿ ಮುರದ ಮ್ಯಾಲೆ ಸುಣ್ಣಾ ಹಚ್ತಿದ್ದಿ ನೀನು. ಅದಕ್ಕ ಬ್ಯಾನಿ ಹಚ್ಚಿದ್ದು ನಾ ತಂದ ಕುದುರೆಮೆಂತಿ."

ಅಕ್ಕ ಕೈಯಲ್ಲಿದ್ದ ಚಹಾದ ತಾಟು ಕೆಳಗಿಟ್ಟಳು. ಬುಟ್ಟಿಯ ಹತ್ತಿರ ಹೋಗಿ ಪುಟ್ಟವ್ವನನ್ನು ಎತ್ತಿಕೊಂಡು, ಸೆರಗಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟು ಒತ್ತಿ ಹಿಡಿದಳು. "ತಾ ಔಷಧ" ಎಂದಳು. ನಾನು ಸಿರಿಂಜು ತಂದೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಪುಟ್ಟವ್ವ ಬಾಯಿ ಚಪ್ಪರಿಸಿ ಅಲ್ಲೇ ಮುದುಡಿ ಕುಳಿತಳು.

"ಸುಣ್ಣಾ ಆಮ್ಯಾಲೆ ಹಚ್ಚೂದು ಅಂತ ನಿನಗ ಗೊತ್ತಿತ್ತಲ್ಲ," ನಾನು ಕೇಳಿದೆ, "ಅವತ್ತ ಯಾಕ ಹೇಳಲಿಲ್ಲ?"

ಅಕ್ಕ ಸೆರಗಿನ ತುದಿಯಿಂದ ಪುಟ್ಟವ್ವನ ಗಲ್ಲ ಒರೆಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಹೇಳಿದ್ರ ಕೇಳ್ತಿದ್ದೇನು ತಮ್ಮಾ?"

ಅದು ಸಿಟ್ಟಿನ ಮಾತಾಗಿರಲಿಲ್ಲ. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು. ನಾನು ಸಿರಿಂಜು ತೊಳೆಯುವ ನೆಪದಲ್ಲಿ ಏಳಲು ಹೋದೆ. ಆಗ ಕಲ್ಮಠ ಮಾಸ್ತರರು ಚಹಾದ ಕಪ್ಪಿನಿಂದ ಮುಖ ಎತ್ತಿ, "ಕೇಳ್ತಿದ್ದಿಲ್ಲ ಬಿಡ್ರಿ ಅಕ್ಕಾರ" ಎಂದು ನನ್ನ ಪರವಾಗಿ ಉತ್ತರ ಕೊಟ್ಟರು. ಇಪ್ಪತ್ತು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಆ ಮನುಷ್ಯ ಹೇಳಿದ ಒಂದು ಮಾತನ್ನೂ ನಾನು ತಕರಾರಿಲ್ಲದೆ ಬಿಟ್ಟವನಲ್ಲ. ಅವತ್ತು ಬಿಟ್ಟೆ.